ಮೇಲಿನ ಮಹಡಿಯ ಸೆಕೆ

ಕಚೇರಿ ಕಟ್ಟಡವೊಂದರಲ್ಲಿ ಲಿಫ್ಟಿಗೆ ಕಾಯುತ್ತಿದ್ದೆ. ಮುಂದೆ ನಿಂತಿದ್ದವರು ಕಿಟಕಿಗೆ ಫಿಲ್ಮ್ ಅಂಟಿಸುವ ಕೆಲಸದ ಇಬ್ಬರು. ಹೆಗಲಿಗೆ ಹಗ್ಗದ ಸುರುಳಿ ಹಾಕಿಕೊಂಡಿದ್ದ ಹಿರಿಯವನು ಲಿಫ್ಟಿನ ಗುಂಡಿಯನ್ನು ಒತ್ತಿದ್ದೇ ಒತ್ತಿದ್ದು. ಕಿರಿಯವನು ಅವನ ಹೆಂಡತಿಯ ತಮ್ಮನೆಂದು ಮಾತಿನಲ್ಲೇ ತಿಳಿಯಿತು.

“ಕೆಳಗಿನ ಮಹಡಿಗಳೆಲ್ಲ ತಣ್ಣಗಿವೆ ಭಾವ. ಮೇಲಿನದೊಂದೇ ಕಾದ ಹಂಚು.”

“ಗೊತ್ತು ಮಾರಾಯ.”

“ಕಾವನ್ನ ಆಕಾಶಕ್ಕೆ ಬಿಡೋ ಫಿಲ್ಮು, ಗಾಜಿನ ಹೊರಗಡೇನೇ ಅಂಟಿಸ್ಬೇಕು ಅಂತ ನಮಗೆಲ್ಲ ಹೇಳಿಕೊಟ್ಟೋರು ನೀವು. ಅಲ್ಲಿ ಮಾತ್ರ ಒಳಗಡೆ ಯಾಕೆ ಅಂಟಿಸಿದ್ರಿ?”

“ಅಷ್ಟೆತ್ತರದಲ್ಲಿ ಹಗ್ಗಕ್ಕೆ ನೇತಾಡಬಾರ್ದು ಅಂತ ನಿಮ್ಮಕ್ಕ ಆಣೆ ಹಾಕಿಸ್ಕೊಂಡಿದ್ಳು ಕಣೋ.”

“ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡ್ರಾ?”

“ಹೂಂ. ದೂರು ಕೊಟ್ಟ ಪುಣ್ಯಾತ್ಮ ಯಾರಂತೆ?”

“ಅಕ್ಕ.”

“ಯಾವ ಅಕ್ಕ?”

“ನಮ್ಮಕ್ಕನೇ ಭಾವ. ಈ ವಾರ ಅವಳ ಆಫೀಸಿನೋರು ಅವಳನ್ನ ಆ ಮಹಡಿಗೆ ಹಾಕಿದಾರಲ್ಲ. ನಿಮ್ಮ ಗುಂಪಲ್ಲಿ ಇದನ್ನ ಅಂಟಿಸಿದ ಮುಠ್ಠಾಳ ಯಾರೋ ಅಂತ ನನ್ನ ಕೇಳಿದ್ಲು.”

“ಹೇಳಿದ್ಯಾ?”

“ಇನ್ನೂ ಇಲ್ಲ.”

“ಬಿಸಿ ತುಪ್ಪ ಆಯ್ತಲ್ಲೋ. ನುಂಗೋ ಹಾಗಿಲ್ಲ, ಉಗುಳೋ ಹಾಗಿಲ್ಲ.”

“ಇವತ್ತು ಹೊರಗಡೆಯಿಂದ ಅಂಟಿಸ್ತೀರಿ ಅಂತ ಅವಳಿಗೆ ಒಂದು ಮಾತು ಹೇಳಿಬಿಡೋಣ.”

“ಹೇಳಿದ್ರೆ ಬಿಡ್ತಾಳಾ? ಹಗ್ಗ ಕಿತ್ತಿಟ್ಕೋತಾಳೆ.”

ಲಿಫ್ಟಿನ ಬಾಗಿಲು ತೆರೆಯಿತು. ಹಿರಿಯವನು ಹಗ್ಗದ ಗಂಟನ್ನು ಎಳೆದು ನೋಡಿದ. ಮತ್ತೆ ಎಳೆದು ನೋಡಿದ.

“ಅವಳು ಕೂರೋದು ಯಾವ ಕಿಟಕಿ ಪಕ್ಕ?”

“ಮೂಲೇದು.”

ಇಬ್ಬರೂ ಒಳಗೆ ಹೋದರು. ಬಾಗಿಲು ಮುಚ್ಚಿಕೊಳ್ಳುತ್ತಿರುವಾಗ ಹಿರಿಯವನ ದನಿ ಕೇಳಿಸಿತು.

“ನೀನು ಮೊದಲು ಹೋಗಿ ಆ ಕಿಟಕಿ ಪರದೆ ಎಳಿ. ಆಮೇಲೆ ನಾನು ಇಳೀತೀನಿ.”