ಲಕೋಟೆಯ ಹಿಂದಿನ ವಿಳಾಸ

ಅಂಚೆ ಕಚೇರಿಯ ಸಾಲಿನಲ್ಲಿ ದರ್ಜಿಯ ಮುಂದೆ, ಹೆಸರು ಹೇಳದೆ ಕಾಮಿಕ್ಸ್ ಬರೆಯುವ ಅಕ್ಕ ಮತ್ತು ಅವಳ ತಮ್ಮ ಪಿಸುಗುಡುತ್ತಿದ್ದರು. ಬೇಡವೆಂದರೂ ದರ್ಜಿಯ ಕಿವಿ ನೆಟ್ಟಗಾಯಿತು.

“ಅಕ್ಕಾ, ನಿನ್ನ ಕಾಮಿಕ್ಸ್‌ಗೆ ತಿಂಗಳಾ ತಿಂಗಳಾ ದುಡ್ಡು ಕಳಿಸೋ ಹೊರದೇಶದ ಸದಸ್ಯರಿಗೆ ಚಿತ್ರ ಕಳಿಸಿದ್ವಲ್ಲ, ಲಕೋಟೆ ಹಿಂದೆ ಮನೆ ವಿಳಾಸ ಬರೆದೋರ್ಯಾರು?”

“ಅಮ್ಮ ಇರ್ಬೇಕು ಕಣೋ, ತಲುಪದಿದ್ರೆ ವಾಪಸ್ ಬರಲಿ ಅಂತ. ಯಾಕೆ?”

“ಒಬ್ಬ ಸದಸ್ಯೆ ಖುಷಿಗೆ ಆ ವಿಳಾಸದ ಫೋಟೊ ನೆಟ್‌ನಲ್ಲಿ ಊರಿಗೆಲ್ಲ ಕಾಣೋ ಹಾಗೆ ಹಾಕಿದ್ದಾಳೆ.”

“ಅಯ್ಯೋ! ಕಾಮಿಕ್ಸ್‌ನಲ್ಲಿ ಮಂತ್ರಿನ ಗೇಲಿ ಮಾಡೋದು ಯಾರು ಅಂತ ಅವನ ಕಡೆಯೋರು ಹುಡುಕ್ತಾ ಇದ್ದಾರೆ. ಅಮ್ಮಂಗೆ ಫೋನ್ ಮಾಡೋ, ಬಾಗ್ಲು ತೆಗೀಬೇಡ ಅನ್ನು!”

ತಮ್ಮ ಫೋನ್ ಕಿವಿಗಿಟ್ಟು ಕೇಳಿಸಿಕೊಂಡ.

“ಏನಂದ್ಲೋ?”

“ನಿನ್ನ ಅಭಿಮಾನಿಗಳಂತೆ, ಇಬ್ರು ಬಂದಿದ್ದಾರಂತೆ. ಒಳಗೆ ಕೂರಿಸಿ ಕಾಫಿಗಿಟ್ಟಿದ್ದಾಳೆ.”

ಇಬ್ಬರೂ ಸಾಲು ಬಿಟ್ಟು ಓಡಿದರು. ದರ್ಜಿ ಮುಂದೆ ಸರಿಯದೆ ಅವರು ಓಡಿದ ದಾರಿಯನ್ನೇ ನೋಡುತ್ತ ನಿಂತ.