ಕ್ಯಾಸೆಟ್ಟಿನ ಕೊನೆಯ ಖಾಲಿ ಜಾಗ

ವೇದಿಕೆಯ ನಡುವೆ ಕುಳಿತ ಅಧ್ಯಕ್ಷರೇ, ಬಿಸಿಲಲ್ಲಿ ಬಸ್ಸು ಹಿಡಿದು ಕೊಪ್ಪಳದಿಂದ ಬಂದ ಅತಿಥಿಗಳೇ, ಈ ಗಂಗಾವತಿ ಕ್ರೈಸ್ತ ಸಭೆಯ ಪಾಲಕರಾದ ಅಯ್ಯನವರೇ, ಕೊರಳಿಗೆ ಗಿಟಾರು ಹಾಕಿಕೊಂಡ ಹುಡುಗರೇ, ಹಿಂದಿನ ಗೋಡೆಗೆ ಆನಿಕೊಂಡು ಕುಳಿತ ನಮ್ಮ ಸಿದ್ದಾಪುರದ ಭತ್ತದ ನಾಟಿ ಹೆಂಗಸರೇ, ಸಭಿಕರೇ,

ನಾನು ಯಂಕವ್ವ. ದೀಕ್ಷಾಸ್ನಾನದ ದಿನ ಮಾರ್ಥಾ ಎಂದು ಹೆಸರಿಟ್ಟರು. ಹಾಗೆಂದು ಯಾರಾದರೂ ಕೂಗಿದರೆ ನಾನೇ ತಿರುಗಿ ನೋಡುವುದಿಲ್ಲ. ಸಭೆಯ ಹಿರಿಯ ಜೀವ, ಎರಡು ಮಾತು ಹರಸಿ ಕ್ಯಾಸೆಟ್ಟು ಬಿಡುಗಡೆ ಮಾಡಲಿ ಎಂದು ಕರೆತಂದಿದ್ದೀರಿ. ಹರಸುತ್ತೇನೆ. ಮೊದಲು ಬೈಯುತ್ತೇನೆ.

ಹುಡುಗರು ಕಿಸಿಯುತ್ತಿದ್ದಾರೆ. ಮುದುಕಿ ಡ್ರಮ್ಮಿಗೆ ಬೈಯುತ್ತಾಳೆ ಎಂದುಕೊಂಡಿರಾ? ನಮ್ಮ ಓಣಿಯವರಿಗೆ ಬಡಿತ ಹೊಸದೇ? ನಿಮ್ಮ ಅಪ್ಪಂದಿರು ಹುಟ್ಟುವ ಮೊದಲೇ ನಮ್ಮಲ್ಲಿ ಹಲಗೆ ಬಡಿಯುತ್ತಿತ್ತು. ಈ ಕ್ಯಾಸೆಟ್ಟಿನ ಕುಣಿಯುವ ಹಾಡಿಗೆಲ್ಲ ನಾನು ಕೂತಲ್ಲೇ ತೊಡೆ ತಟ್ಟಿದ್ದೇನೆ. ಯೇಸಪ್ಪನ ಹಾಡನ್ನು ಅಳುಮೋರೆ ಮಾಡಿಕೊಂಡೇ ಹಾಡಬೇಕು ಎಂದು ಯಾರು ಹೇಳಿದರು? ನನ್ನ ಸಿಟ್ಟು ಬಡಿತದ ಮೇಲಲ್ಲ. ನನ್ನ ಸಿಟ್ಟು ಕಡೆಯ ಹಾಡಿನ ಮೇಲೆ.

ಆ ಹಾಡು ಕಟ್ಟಿದವಳು ನನ್ನ ಮಗಳು ಹಂಪವ್ವ. ಹಾಳೆಯ ಮೇಲಲ್ಲ, ಕೆಸರಿನಲ್ಲಿ. ಭತ್ತದ ಸಸಿ ಹಚ್ಚುತ್ತ ಅವಳು ಒಂದು ಸೊಲ್ಲು ಹೇಳುವಳು, ಸಾಲಿನ ಹೆಂಗಸರು ತಿರುಗಿ ಹೇಳುವರು.

ಕೆಸರ ಕಾಲ ತೊಳಿಯಾಕ ಬಗ್ಗ್ಯಾನೊ ಯೇಸಪ್ಪ,
ಸಾವಕಾಶ ತೊಳಿಯಪ್ಪ, ಮುಳ್ಳೈತಿ.

ಆಗಿನ ಹಳೆಯ ಪಾಲಕರು ಬದುವಿನ ಮೇಲೆ ಹೋಗುತ್ತ ಇದನ್ನು ಕೇಳಿ, "ದೇವರಿಗೆ ಸಾವಕಾಶ ಅಂತೀಯೇನಬೇ?" ಎಂದರು. ಹಂಪವ್ವ ಬಗ್ಗಿದವಳು ಏಳಲೇ ಇಲ್ಲ. "ಮುಳ್ಳು ನಂದ್ರಿ ಅಯ್ನೋರ. ನಿಮ್ಮ ಕಾಲಾಗ ಬೂಟು ಅದಾವು, ನಿಮಗ ಗೊತ್ತಾಗಂಗಿಲ್ಲ" ಎಂದಳು. ಗದ್ದೆಯೆಲ್ಲ ನಕ್ಕಿತು. ನಗಿಸುವವಳು ಅವಳು. ಅವಳಿಗೆ ನನ್ನ ಬಾಯಿ ಬಂದಿತ್ತು, ನನ್ನ ಕಹಿ ಬಂದಿರಲಿಲ್ಲ.

ಗದ್ದೆಯ ಹಾಡಿಗೆ ಒಂದು ಕಟ್ಟಳೆ ಇದೆ. ಕಟ್ಟಿದವಳ ಹೆಸರು ಕಡೆಯ ಸೊಲ್ಲಿನಲ್ಲಿ ಬರಬೇಕು. ಅದನ್ನು ಹಾಡುವ ತನಕ ಯಾರೂ ಸೊಂಟ ಎತ್ತುವಂತಿಲ್ಲ, ಬದುವಿಗೆ ಏರುವಂತಿಲ್ಲ. ಸಾಹುಕಾರ ಬಂದು ಕರೆದರೂ ಇಲ್ಲ, ಮಳೆ ಬಂದರೂ ಇಲ್ಲ. ಹಂಪವ್ವ ಜ್ವರದಲ್ಲಿ ಹೋದಾಗ ಅವಳ ಮಗಳು ಎಸ್ತೇರಮ್ಮ ನನ್ನ ಸೊಂಟದ ಮೇಲಿದ್ದಳು. ಮಣ್ಣು ಕೊಡುವಾಗ ಈ ಹೆಂಗಸರೇ ಆ ಹಾಡು ಹಾಡಿದರು. ಕಡೆಯ ಸೊಲ್ಲು ಮುಗಿಯುವ ತನಕ ನಾನು ಹಿಡಿ ಮಣ್ಣನ್ನು ಬಿಡಲಿಲ್ಲ. ಇದನ್ನು ಇಲ್ಲಿ ಹೇಳಬೇಕು ಎಂದುಕೊಂಡು ಬಂದಿರಲಿಲ್ಲ. ಇರಲಿ.

ಈಗ ಆ ಎಸ್ತೇರಮ್ಮನೇ ತನ್ನ ತಾಯಿಯ ಹಾಡನ್ನು ಅಯ್ಯನವರ ಮಗ ಸಮುವೇಲನಿಗೆ ಕಲಿಸಿದಳು. ಅವನು ಗಿಟಾರು ಕೂಡಿಸಿದ, ಇವಳು ಹಾಡಿದಳು. ಮೊನ್ನೆ ಮನೆಯಲ್ಲಿ ಕ್ಯಾಸೆಟ್ಟು ಹಾಕಿ ಕೇಳಿದೆವು. ಹಾಡು ಬಂತು. ಮುಳ್ಳು ಬಂತು. ಕಡೆಯ ಸೊಲ್ಲು ಬರಲಿಲ್ಲ. ಡ್ರಮ್ಮು ಢಂ ಎಂದಿತು, ಮುಗಿಯಿತು.

ಎಸ್ತೇರಮ್ಮ ಟೇಪಿನ ಪೆಟ್ಟಿಗೆಯ ಗುಂಡಿ ಒತ್ತಿ ನಿಲ್ಲಿಸಲು ಬಂದಳು. ನಾನು ಅವಳ ಕೈ ಹಿಡಿದೆ. ಮುಂದೆ ಬಂದರೂ ಬಂದೀತು ಎಂದು ಕಿವಿ ಹಚ್ಚಿ ಕುಳಿತೆ. ಸುಂಯ್ ಎನ್ನುತ್ತ ಬರೀ ಟೇಪು ತಿರುಗಿತು. ಒಲೆಯ ಮೇಲಿನ ಅನ್ನ ಸೀದುಹೋಯಿತು, ಆದರೂ ತಿರುಗುತ್ತಲೇ ಇತ್ತು.

ಸಮುವೇಲನನ್ನು ಕೇಳಿದೆ. "ಕ್ಯಾಸೆಟ್ಟಿನಾಗ ಜಾಗ ಸಾಲಲಿಲ್ಲ ಅಜ್ಜಿ" ಎಂದ.

ಸಭಿಕರೇ, ಜಾಗ ಸಾಲಲಿಲ್ಲವೇ? ಅನ್ನ ಸೀಯುವಷ್ಟು ಹೊತ್ತು ತಿರುಗಿದ್ದು ಏನು? ನಾನು ಬಿಡಲಿಲ್ಲ. ಆಗ ನಿಜ ಹೊರಬಿತ್ತು. "ದೇವರ ಹಾಡಿನಾಗ ಮನಷ್ಯಾರ ಹೆಸರು ಬ್ಯಾಡಂದ್ರು ಅಪ್ಪಾರು. ಅದೂ ಹಂಪವ್ವ ಅಂದ್ರ ಹಂಪಿ ದೇವ್ರ ಹೆಸರಂತ."

ಅಯ್ಯನವರೇ, ತಲೆ ತಗ್ಗಿಸಬೇಡಿರಿ, ಇತ್ತ ನೋಡಿರಿ. ಕ್ಯಾಸೆಟ್ಟಿನ ಮೊದಲಿಗೇ ಹಣ ಕೊಟ್ಟ ಅಕ್ಕಿ ಗಿರಣಿಯವರ ಹೆಸರು ಕೂಗಿಸಿದ್ದೀರಲ್ಲ, ಅವರು ಮನುಷ್ಯರಲ್ಲವೇ? ಬೈಬಲಿನ ಹಳೆಯ ಕೀರ್ತನೆ ಓದುವಾಗ ಅದನ್ನು ಕಟ್ಟಿದ ರಾಜನ ಹೆಸರು ಹೇಳಿಯೇ ಓದುತ್ತೀರಿ. ರಾಜನ ಹೆಸರು ದೇವರಿಗೆ ನಡೆಯುತ್ತದೆ, ಕೂಲಿಯವಳ ಹೆಸರು ನಡೆಯುವುದಿಲ್ಲವೇ? ನನ್ನ ಮಗಳನ್ನು ನಿಮ್ಮ ಹಿಂದಿನ ಪಾಲಕರು ಆ ಹೆಸರಿನಿಂದಲೇ ಹೂಳಿದರು. ಹೂಳಲು ಆದ ಹೆಸರು ಹಾಡಲು ಆಗುವುದಿಲ್ಲವೇ?

ಯಾರೂ ಚಪ್ಪಾಳೆ ತಟ್ಟಬೇಡಿರಿ. ನಾನು ಚಪ್ಪಾಳೆಗೆ ಬಂದಿಲ್ಲ.

ಎಸ್ತೇರಮ್ಮ ಎಲ್ಲಿದ್ದಾಳೆ ಗೊತ್ತೇ? ಬಾಗಿಲ ಹೊರಗೆ, ನಿಮ್ಮ ಚಪ್ಪಲಿಗಳ ನಡುವೆ. "ಹೋಗ್ಲಿ ಬಿಡಬೇ ಅಜ್ಜಿ, ಇನ್ನ ನಾ ಹಾಡಂಗಿಲ್ಲ" ಎಂದಿದ್ದಾಳೆ. ತಾಯಿ ಹೋದಳು; ಈಗ ಆ ದನಿಯೂ ಹೋಗಬೇಕೇ?

ಹೋಗಬಾರದು. ಮೈಕ್‌ಸೆಟ್ಟಿನ ನೂರಸಾಬ, ಬಾರಪ್ಪ. ಬಿಡುಗಡೆಯ ಕ್ಯಾಸೆಟ್ಟು ಇಗೋ. ಮೇಲೆ ಕಟ್ಟಿದ್ದ ಅಲಂಕಾರದ ರಿಬ್ಬನ್ನು ಕಿತ್ತಿದ್ದೇನೆ. ಮೇಲಿನ ತೂತಿಗೆ ಕಾಗದ ತುರುಕಿದರೆ ಮತ್ತೆ ಹಾಡು ತುಂಬಬಹುದು ಎಂದು ನೀನೇ ಹೇಳಿದ್ದೆ, ತುರುಕು. ಕಡೆಯ ಹಾಡು ಮುಗಿದಲ್ಲಿಗೆ ತಂದು ನಿಲ್ಲಿಸು. ಸಮುವೇಲ, ನಿನಗೆ ನಾಚಿಕೆ ಇದ್ದರೆ ಗಿಟಾರು ಹಿಡಿ, ಇಲ್ಲದಿದ್ದರೆ ಇಳಿ.

ಎಸ್ತೇರಮ್ಮಾ, ಒಳಗ ಬಾರಬೇ. ನನಗ ಮಂಡಿ ನೋಯಾಕತ್ಯಾವು, ಅಲ್ಲಿಗೆ ಬರಾಕ ಆಗಂಗಿಲ್ಲ.

ಬಂದಳು. ಸಭಿಕರೇ, ನಿಮ್ಮಲ್ಲಿ ಕೆಲವರು ಸಿಟ್ಟಾಗಿ ಎದ್ದು ನಿಂತಿದ್ದೀರಿ. ಕುಳಿತುಕೊಳ್ಳಿರಿ. ನೀವೀಗ ನಮ್ಮ ಗದ್ದೆಯಲ್ಲಿದ್ದೀರಿ. ಗೋಡೆಯ ಹತ್ತಿರದ ಹೆಂಗಸರೇ, ಅವಳು ಹೇಳುತ್ತಾಳೆ, ನೀವು ತಿರುಗಿ ಹೇಳಿರಿ. ನೂರಸಾಬ, ತುಂಬುವ ಗುಂಡಿ ಒತ್ತು.

ಸಿದ್ದಾಪುರದ ಹಂಪವ್ವ ಕಟ್ಯಾಳೊ ಈ ಹಾಡ,
ಬದುವಿನ ಮ್ಯಾಲ ನಿಂತಾಳ, ಕರಕೊಳ್ಳೊ.

ಹೂಂ. ಯಂತ್ರ ನಿಲ್ಲಿಸು ನೂರಸಾಬ.

ಅಧ್ಯಕ್ಷರೇ, ಅತಿಥಿಗಳೇ, ಕ್ಯಾಸೆಟ್ಟು ಈಗ ಬಿಡುಗಡೆಯಾಯಿತು. ಮೈಕು ಕೊಟ್ಟದ್ದಕ್ಕೆ ಉಪಕಾರವಾಯಿತು. ಮುಂದೆ ಯಾವತ್ತೂ ಕೊಡಲಾರಿರಿ ಎಂದು ಗೊತ್ತು. ಅಯ್ಯನವರೇ, ನೀವೂ ತಿರುಗಿ ಹೇಳಿದಿರಿ, ನಾನು ನಿಮ್ಮ ತುಟಿ ನೋಡಿದೆ. ದೇವರು ನಿಮ್ಮನ್ನು ಹರಸಲಿ.

ಈಗ ಎಲ್ಲರೂ ಏಳಬಹುದು. ನಮಸ್ಕಾರ.