ಅಜ್ಜಿಯ ಬಾಯಿಗೆ ಖಾರ ಮರಳಿತು

ಅಧ್ಯಕ್ಷತೆ ವಹಿಸಿರುವ ಮೀನು ವ್ಯಾಪಾರಿಗಳ ಸಂಘದ ಇದಿನಬ್ಬನವರೇ, ಅತಿಥಿಗಳಾದ ದಂತವೈದ್ಯೆ ಡಾಕ್ಟರ್ ಜಾನೆಟ್ ಅವರೇ, ಸನ್ಮಾನದ ಶಾಲು ಹೊದ್ದು ಈ ಸೆಕೆಯಲ್ಲಿ ಕುಳಿತಿರುವ ನನ್ನ ಅಜ್ಜಿ ವಾರಿಜಾಕ್ಷಿಯವರೇ, ಕುದ್ರೋಳಿಯ ಸಭಿಕರೇ,

ನನಗೆ ಮೈಕ್ ಎಂದರೆ ಭಯ. ಕನ್ನಡ ಎಂ.ಎ. ಮಾಡಿದವಳು ಎಂಬ ಒಂದೇ ತಪ್ಪಿಗೆ ಈ ಅಭಿನಂದನಾ ಭಾಷಣ ನನ್ನ ಪಾಲಿಗೆ ಬಂದಿದೆ. ಗಾಬರಿಯಲ್ಲಿ ಬೆಳಿಗ್ಗೆ ತಿಂಡಿ ಸೇರಲಿಲ್ಲ. ಎದುರು ಕುಳಿತ ಅಪ್ಪ ಬನ್ಸನ್ನು ಚೂರು ಚೂರು ಮಾಡಿ ಬಾಯಿಗಿಡುತ್ತಿದ್ದುದನ್ನೇ ನೋಡುತ್ತಿದ್ದೆ. ಎರಡು ತುತ್ತಿಗೆ ಒಂದು ಬನ್ಸ್ ಮುಗಿಸುವವರು! ತಾಯಿಗೆ ಸನ್ಮಾನವೆಂದು ಮಗನಿಗೂ ನಾಜೂಕು ಬಂದಿರಬೇಕು ಎಂದುಕೊಂಡೆ.

ಅಜ್ಜಿಯ ಕಥೆ ಮೀನು ಸಾರಿನಿಂದ ಶುರುವಾಗುತ್ತದೆ. ದೋಣಿಗಳು ಬಂದು ನಿಲ್ಲುವ ಧಕ್ಕೆಯಲ್ಲಿ ಮೀನು ಮಾರುವಾಗ ಅವರ ಎಡಗೆನ್ನೆಯಲ್ಲಿ ಎಲೆ, ಅಡಿಕೆ, ಹೊಗೆಸೊಪ್ಪು ಯಾವತ್ತೂ ಇರುತ್ತಿತ್ತು. ಒಂದು ದಿನ ಬಂಗುಡೆ ಸಾರು ಬಾಯಿಗಿಟ್ಟವರೇ ಅಮ್ಮನ ಮೇಲೆ ಹರಿಹಾಯ್ದರು: “ಎಂತ ಮಾರಾಯ್ತಿ, ಸಾರು ಮಾಡಿದ್ದಾ, ಬೆಂಕಿ ಹಾಕಿದ್ದಾ?”

ಅಮ್ಮ ಮೆಣಸು ಕಡಿಮೆ ಮಾಡಿದರು. ಆದರೂ ಉರಿ. ಇನ್ನೂ ಕಡಿಮೆ ಮಾಡಿದರು. ಕೊನೆಗೆ ಸಾರು ಬಿಳಿಚಿಕೊಂಡು ಪಾಯಸದ ಹಾಗಾಯಿತು. ಮೆಣಸು ಬದಲಿಸಿದೆವು, ಮೆಣಸಿನ ಅಂಗಡಿಯನ್ನೂ ಬದಲಿಸಿದೆವು. ಬಾಯಿಯನ್ನು ಯಾರಾದರೂ ನೋಡಿದೆವೇ? ಬಂಗುಡೆ ಕೊಳ್ಳುವಾಗ ಕಿವಿರು ಎತ್ತಿ ನೋಡದೆ ದುಡ್ಡು ಬಿಚ್ಚದ ನಾವು ಅಜ್ಜಿಯ ಕೆನ್ನೆ ಎತ್ತಿ ನೋಡಲಿಲ್ಲ.

ನೋಡಿದ್ದು ಜಾನೆಟ್ ಡಾಕ್ಟ್ರು, ನಮ್ಮ ಸಂಘದ ಬಾಯಿ ತಪಾಸಣಾ ಶಿಬಿರದಲ್ಲಿ.

“ಹಲ್ಲೇ ನಾಲ್ಕು ಉಳಿದದ್ದು ಡಾಕ್ಟ್ರೇ, ಅದರಲ್ಲಿ ಎಂತ ನೋಡ್ತೀರಿ?”

“ಹಲ್ಲು ನಿಮಗೇ ಇರಲಿ ಅಜ್ಜಿ, ನನಗೆ ಕೆನ್ನೆ ತೋರಿಸಿ.”

ಕೆನ್ನೆಯೊಳಗೆ ಹಾಲಿನ ಕೆನೆ ಅಂಟಿದಂಥ ಬಿಳಿ ಮಚ್ಚೆ. ಒರೆಸಿದರೂ ಹೋಗದು. ನಡುವೆ ಕೆಂಪು. ನೋವು ಮಾತ್ರ ಇಲ್ಲ. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಮೇಲ್ಪದರದ ಜೀವಕೋಶಗಳು ತಮ್ಮ ಸಾಲು ತಪ್ಪಿ, ಆಕಾರ ಕೆಟ್ಟು ಬೆಳೆಯತೊಡಗಿದ್ದವು. ಆದರೆ ಆ ಪದರವನ್ನು ದಾಟಿ ಕೆಳಗೆ ಇಳಿದಿರಲಿಲ್ಲ. ಇಳಿದರೆ ಅದು ಕ್ಯಾನ್ಸರ್. ಎಲ್ಲ ಮಚ್ಚೆಗಳೂ ಆ ದಾರಿ ಹಿಡಿಯುವುದಿಲ್ಲವಂತೆ. ಯಾವುದು ಹಿಡಿಯುತ್ತದೆಂದು ಮುಂಚಿತವಾಗಿ ಹೇಳಲಿಕ್ಕಾಗದು ಎಂಬುದೇ ತೊಂದರೆ. ಅದಕ್ಕೇ ಕೊಯ್ದು ತೆಗೆಯೋಣ ಎಂದರು ಡಾಕ್ಟ್ರು.

“ನೋವೇ ಇಲ್ಲವಲ್ಲ, ಮತ್ತೆ ಯಾಕೆ ಕೊಯ್ಯುವುದು?” ಎಂದು ಅಜ್ಜಿ ಹಟ ಹಿಡಿದರು.

“ಮೀನು ಹಾಳಾದದ್ದು ನಿಮಗೆ ಹೇಗೆ ಗೊತ್ತಾಗ್ತದೆ? ವಾಸನೆ ಬರುವವರೆಗೆ ಕಾಯ್ತೀರಾ?”

ಅಜ್ಜಿಗೆ ಸಿಟ್ಟು ಬಂತು. “ಕಾಯುವವಳು ಮೀನು ಮಾರ್ಲಿಕ್ಕೆ ಕೂರ್ಬಾರ್ದು!” ಎಂದರು. ಎಂದವರೇ ಬಾಯಿ ತೆರೆದರು.

ಮಚ್ಚೆ ಹೋಯಿತು, ಹೊಗೆಸೊಪ್ಪೂ ಹೋಯಿತು. ಈಗಲೂ ತಪ್ಪದೆ ತಪಾಸಣೆಗೆ ಹೋಗುತ್ತಾರೆ. ಹೋಗುವಾಗ ಧಕ್ಕೆಯ ಇನ್ನೊಬ್ಬರನ್ನು ಎಳೆದುಕೊಂಡೇ ಹೋಗುತ್ತಾರೆ. ಈ ಶಾಲು ಅದಕ್ಕೆ. ನಮ್ಮ ಸಾರು ಮತ್ತೆ ಕೆಂಪಾಗಿದೆ. ನಿನ್ನೆಯಂತೂ ಅಜ್ಜಿ, “ಮೆಣಸಿಗೆ ಬರಗಾಲ ಉಂಟಾ?” ಎಂದು ಅಮ್ಮನಿಗೆ ಬೈದರು. ಅಮ್ಮ ಇಷ್ಟು ಸಂತೋಷದಿಂದ ಬೈಗಳು ತಿಂದದ್ದನ್ನು ನಾನು ನೋಡಿರಲಿಲ್ಲ.

ಡಾಕ್ಟ್ರು ಕಲಿಸಿದ್ದೊಂದು ಉಂಟು. ಹೊಗೆಸೊಪ್ಪೇ ಬೇಕೆಂದಿಲ್ಲ, ಬರೀ ಅಡಿಕೆಯ ಪ್ಯಾಕೆಟ್ ಜಗಿದರೂ ಕೆನ್ನೆ ಒಳಗಿನಿಂದ ಬಿಗಿಯುತ್ತದೆ, ಬಾಯಿ ತೆರೆಯದಾಗುತ್ತದೆ. ಅದೂ ಕ್ಯಾನ್ಸರಿಗೆ ದಾರಿಯಾಗಬಹುದು. ಪರೀಕ್ಷೆ ಸುಲಭ: ನಿಮ್ಮ ಮೂರು ಬೆರಳು ಒಂದರ ಮೇಲೊಂದು ನಿಂತು ಬಾಯಿಯೊಳಗೆ ಹೋಗಬೇಕು. ಎಲ್ಲರೂ ನೋಡಿ, ಒಮ್ಮೆ. ನಾಚಿಕೆ ಬೇಡ, ನನಗಿರುವಷ್ಟು ಸಾಕು. ಇದಿನಬ್ಬನವರದು ಹೋಯಿತು! ಅಜ್ಜಿಯದೂ ಹೋಯಿತು. ಮುಂದಿನ ಸಾಲು, ಭೇಷ್. ಹಿಂದೆ, ಬಾಗಿಲ ಬಳಿ...

ಕ್ಷಮಿಸಿ. ಮಾತು ತಪ್ಪಿತು.

ಬಾಗಿಲ ಬಳಿ ಒಬ್ಬರು ಬೆರಳು ಬಾಯಿಗೆ ಎತ್ತಿದವರು, ಅದು ಒಳಗೆ ಹೋಗದೆ, ಮೀಸೆ ಒರೆಸಿಕೊಂಡು ಕೈ ಇಳಿಸಿದರು. ಯಾರೆಂದು ಮೈಕಿನಲ್ಲಿ ಹೇಳುವುದಿಲ್ಲ. ಡಾಕ್ಟ್ರೇ, ಊಟಕ್ಕೆ ಮೊದಲು ಅವರನ್ನು ನಾನೇ ನಿಮ್ಮ ಬಳಿಗೆ ಕರೆತರುತ್ತೇನೆ. ಬರಲಾರೆ ಎಂದರೆ ಅಜ್ಜಿಗೆ ಹೇಳುತ್ತೇನೆ. ಅಜ್ಜಿಯ ಮಾತನ್ನು ಅವರು ಹುಟ್ಟಿದಂದಿನಿಂದ ಮೀರಿಲ್ಲ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ಧನ್ಯವಾದಗಳು. ಇವತ್ತಿನ ಊಟದ ಸಾರು ಖಾರ ಉಂಟಂತೆ. ನಮಸ್ಕಾರ.